ಕೆರೆಯ ಏರಿಯ ಮೇಲೊಂದು ಪಾಠ

ದಸರೆಯ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದಂತೆ ನನಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ನೆನಪಾಗುತ್ತದೆ. ಮಳೆ ಹಿಂದೆ ಸರಿದು, ಕೆರೆಯ ಮೇಲೆ ಎಳೆಬಿಸಿಲು ಬೀಳುವ ಶರದೃತು. ಉತ್ತರದ ಚಳಿಗೆ ಹೆದರಿ ಬಂದ ಸಿಪಿಲೆ ಹಕ್ಕಿ ಬಾಲ ಕುಣಿಸುತ್ತಾ ನೀರಂಚಿನಲ್ಲಿ ಓಡಾಡುವುದು ಆಗಲೇ.

ಹಲವು ವರ್ಷಗಳ ಹಿಂದೆ ಅಂಥದೊಂದು ಭಾನುವಾರ ಎಂಟನೇ ತರಗತಿಯ ಹುಡುಗಿಯರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮರದ ಮೇಲಿನ ಹೆಜ್ಜಾರ್ಲೆ, ರೆಕ್ಕೆ ಹರಡಿ ಒಣಗಿಸುತ್ತಿದ್ದ ನೀರುಕಾಗೆ, ಇಲ್ಲಿ ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ, ಹೀಗೆ ಒಂದೊಂದನ್ನೇ ತೋರಿಸುತ್ತಾ ನಡೆದೆ. ಒಬ್ಬಳು ಕೇಳಿದಳು: “ಮಿಸ್, ಈ ಕೆರೇನ ಹಕ್ಕಿಗಳಿಗೋಸ್ಕರ ಕಟ್ಟಿಸಿದ್ರಾ?”

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇತಿಹಾಸ ಕಲಿಸುವ ನನಗೆ ಪಾಣಿಪತ್ ಯುದ್ಧಗಳ ಇಸವಿಗಳೆಲ್ಲ ಬಾಯಿಪಾಠ. ನಮ್ಮೂರ ಕೆರೆಯ ಇಸವಿ ಗೊತ್ತಿರಲಿಲ್ಲ!

ಆಮೇಲೆ ಹುಡುಕಿ ಓದಿದೆ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಜಮೀನುಗಳಿಗೆ ನೀರುಣಿಸಲು ಕಟ್ಟಿದ ಕೆರೆ ಇದು. ಊರು ಬೆಳೆಯಿತು, ಜಮೀನಿದ್ದ ಕಡೆ ಬಡಾವಣೆಗಳು ಬಂದವು. ಪಕ್ಕದಲ್ಲೇ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ತಲೆಯೆತ್ತಿತು. ಅದನ್ನು ಕಟ್ಟಿದ ಕುವೆಂಪು ಇದೇ ಏರಿಯ ಮೇಲೆ ಸಂಜೆ ತಿರುಗಾಡುತ್ತಿದ್ದರು. ಕೆರೆ ಅವರ ಕಾವ್ಯದೊಳಗೂ ಬಂತು.

ಗದ್ದೆ ಇಲ್ಲದ ಕೆರೆಗೆ ಉಳಿಗಾಲ ಕಷ್ಟ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನಮ್ಮ ಕೆರೆಗೂ ಕೊಳಚೆ ನೀರು ಸೇರಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಡೆದ ದಿನಗಳುಂಟು. ಆದರೂ ಅದು ಉಳಿದಿದೆ. ನೋಡಲು ಬರುವವರು ಇದ್ದರೆ ಕೆರೆಗೆ ಕಾವಲಿದ್ದಂತೆ ಎಂದು ನನ್ನ ನಂಬಿಕೆ. 1939-40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳನ್ನು ಕಂಡು, ಆ ಜಾಗವನ್ನು ಕಾಪಾಡಿ ಎಂದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಒಬ್ಬರು ನಿಂತು ನೋಡಿದ್ದರ ಫಲ ಅದು.

ಮುಂದಿನ ವಾರ ಆ ಹುಡುಗಿಗೆ ತರಗತಿಯಲ್ಲೇ ಉತ್ತರ ಹೇಳಿದೆ: “ಕಟ್ಟಿಸಿದ್ದು ಗದ್ದೆಗಳಿಗೆ ಕಣಮ್ಮ, ಈಗ ಉಳಿಸಿಕೊಳ್ಳಬೇಕಾದ್ದು ಹಕ್ಕಿಗಳಿಗೆ, ನಮಗೆ.” 1864 ಎಂದು ಬೋರ್ಡಿನ ಮೇಲೆ ಬರೆದೆ. ಆ ಇಸವಿ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಆದರೂ ಅಂದಿನಿಂದ ನನ್ನ ಇತಿಹಾಸದ ಮೊದಲ ಪಾಠ ಮೈಸೂರಿನ ಈ ಏರಿಯಿಂದಲೇ ಶುರುವಾಗುತ್ತದೆ.