ಎರಡೇ ನಿಮಿಷಕ್ಕೆ ವಿಮಾನ ಯಾಕೆ ಬೇಕಿತ್ತು?

2.7 ಕಿಲೋಮೀಟರ್ ಅಂದರೆ ನಮ್ಮ ಕಡೆ ಮಕ್ಕಳು ಹೈಸ್ಕೂಲಿಗೆ ನಡೆದು ಹೋಗುವ ದೂರ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಇಷ್ಟು ದೂರಕ್ಕೆ ವಿಮಾನ ಓಡುತ್ತದೆ. ವೆಸ್ಟ್ರೇ ದ್ವೀಪದಲ್ಲಿ ಹತ್ತಿ ಪಾಪಾ ವೆಸ್ಟ್ರೇ ದ್ವೀಪದಲ್ಲಿ ಇಳಿಯಬೇಕು. ವೇಳಾಪಟ್ಟಿಯಲ್ಲಿರುವ ಸಮಯ ಎರಡು ನಿಮಿಷ. ಪೈಲಟ್ ಸ್ಟುವರ್ಟ್ ಲಿಂಕ್ಲೇಟರ್ ಒಮ್ಮೆ 53 ಸೆಕೆಂಡಿನಲ್ಲೇ ಮುಟ್ಟಿಸಿದ್ದರು. ವೇಳಾಪಟ್ಟಿ ಪ್ರಕಾರ ಹಾರುವ ವಿಮಾನಗಳಲ್ಲಿ ಜಗತ್ತಿನಲ್ಲೇ ಇದು ಅತಿ ಚಿಕ್ಕ ಪ್ರಯಾಣ.

ಕೇಳಿದರೆ ಶೋಕಿ ಅನ್ನಿಸುತ್ತದೆ. ಹಾಗಾದರೆ ಇದು ಹೇಗೆ ಹುಟ್ಟಿತು ನೋಡೋಣ.

ಆರ್ಕ್ನಿಯ ದೊಡ್ಡ ಊರು ಕಿರ್ಕ್‌ವಾಲ್. ದೊಡ್ಡ ಆಸ್ಪತ್ರೆ, ಮುಖ್ಯ ಕಚೇರಿಗಳೆಲ್ಲ ಅಲ್ಲೇ. ಉಳಿದ ದ್ವೀಪಗಳ ಜನ ಏನೇ ಕೆಲಸ ಇದ್ದರೂ ಸಮುದ್ರ ದಾಟಬೇಕು. ಚಳಿಗಾಲದ ಬಿರುಗಾಳಿಗೆ ದೋಣಿ ನಿಂತರೆ ಅಲ್ಲಿಗೇ ಮುಗಿಯಿತು.

1933ರಲ್ಲಿ ಕ್ಯಾಪ್ಟನ್ ಫ್ರೆಸನ್ ಎಂಬ ಪೈಲಟ್ ಹೈಲ್ಯಾಂಡ್ ಏರ್‌ವೇಸ್ ಕಟ್ಟಿ, ಇನ್ವರ್ನೆಸ್‌ನಿಂದ ಕಿರ್ಕ್‌ವಾಲ್‌ಗೆ ವಿಮಾನ ಶುರು ಮಾಡಿದರು. ಮರುವರ್ಷ ಅಂಚೆಯನ್ನೂ ಹೊತ್ತರು. ಸಣ್ಣ ದ್ವೀಪಗಳಿಗೂ ಹಾರಿದರು. ಎರಡನೇ ಮಹಾಯುದ್ಧ ಬಂದಾಗ ಸಣ್ಣ ದ್ವೀಪಗಳ ಹಾರಾಟ ನಿಂತಿತು. ಅದು ಮತ್ತೆ ಹಿಡಿತಕ್ಕೆ ಬಂದದ್ದು 1967ರಲ್ಲಿ, ಲೋಗನೇರ್ ಕಂಪನಿ ಬಂದ ಮೇಲೆ. ಎರಡು ನಿಮಿಷದ ಈ ಪ್ರಯಾಣ ಆರಂಭವಾದದ್ದೂ ಆಗಲೇ.

ಗುಟ್ಟು ಇಲ್ಲಿದೆ. ಯಾರೂ ಎರಡು ನಿಮಿಷಕ್ಕೆಂದೇ ಪ್ರತ್ಯೇಕ ವಿಮಾನ ಇಡಲಿಲ್ಲ. ಕಿರ್ಕ್‌ವಾಲ್‌ನಿಂದ ಹೊರಟ ವಿಮಾನ ವೆಸ್ಟ್ರೇಯಲ್ಲಿ ಕೆಲವರನ್ನು ಇಳಿಸಿ, ಪಾಪಾ ವೆಸ್ಟ್ರೇ ಮುಟ್ಟಿ, ವಾಪಸ್ ಹೋಗುತ್ತದೆ. ನಮ್ಮ ಹಳ್ಳಿ ಬಸ್ಸು ಒಂದು ಸ್ಟಾಪಿನಿಂದ ಮುಂದಿನ ಸ್ಟಾಪಿಗೆ ಹೋದ ಹಾಗೆ. ಬಳಸುವುದು ಐಲ್ಯಾಂಡರ್ ಎಂಬ ಪುಟ್ಟ ವಿಮಾನ. ಸುಮಾರು ಎಂಟು ಜನ ಕೂರಬಹುದು, ಚಿಕ್ಕ ರನ್‌ವೇ ಸಾಕು. ಅದರಲ್ಲಿ ಮೇಷ್ಟ್ರು, ಡಾಕ್ಟರು, ವಿದ್ಯಾರ್ಥಿಗಳು, ಪ್ರವಾಸಿಗರು ಓಡಾಡುತ್ತಾರೆ. ಎರಡು ದ್ವೀಪಗಳ ನಡುವೆ ದೋಣಿಯೂ ಇದೆ, ಅದಕ್ಕೆ ಸುಮಾರು 25 ನಿಮಿಷ.

2011ರ ಜನಗಣತಿಯಲ್ಲಿ ವೆಸ್ಟ್ರೇಯಲ್ಲಿ 588 ಜನ, ಪಾಪಾ ವೆಸ್ಟ್ರೇಯಲ್ಲಿ ಬರೀ 90. ಇಷ್ಟು ಜನರ ಟಿಕೆಟ್ ದುಡ್ಡಿನಲ್ಲಿ ವಿಮಾನ ನಡೆಯುವುದಿಲ್ಲ. ಇದು ಅಲ್ಲಿನವರಿಗೂ ಗೊತ್ತು. ಅದಕ್ಕೇ ದ್ವೀಪಗಳ ಸ್ಥಳೀಯ ಆಡಳಿತ ಸಂಸ್ಥೆ ಇದನ್ನು ಸಾರ್ವಜನಿಕ ಸೇವೆ ಎಂದು ಗುತ್ತಿಗೆಗೆ ಕೊಟ್ಟು, ಸಹಾಯಧನ ತುಂಬುತ್ತದೆ.

ನಮ್ಮಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದ್ದು 2017ರಲ್ಲಿ. ಒಂದು ಮಾರ್ಗಕ್ಕೆ ಸಾಮಾನ್ಯವಾಗಿ ಮೂರು ವರ್ಷ ನೆರವು, ಆಮೇಲೆ ಅದು ತನ್ನ ಕಾಲ ಮೇಲೆ ನಿಲ್ಲಬೇಕು. 2020ರ ಫೆಬ್ರವರಿಯಲ್ಲಿ ಶುರುವಾದ ವಿಮಾನ ನಿಂತು, 2022ರಲ್ಲಿ ಬೇರೆ ಕಂಪನಿಯಿಂದ ಮತ್ತೆ ಆರಂಭವಾದದ್ದನ್ನು ಬೀದರ್ ಜನ ಕಂಡಿದ್ದಾರೆ.

ನಮ್ಮ ಹಳ್ಳಿಗಳಿಗೆ ವಿಮಾನ ಬೇಕೆಂದು ನಾವು ಹೇಳುತ್ತಿಲ್ಲ. ಆದರೆ 'ಕಲೆಕ್ಷನ್ ಇಲ್ಲ' ಎಂದು ಕೊನೆಯ ಊರಿನ ಬಸ್ಸು ನಿಲ್ಲಿಸುವಾಗ ಕೇಳಬೇಕಾದ ಪ್ರಶ್ನೆ ಒಂದಿದೆ: 90 ಜನರ ಊರಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಿಮಾನ ಓಡಿಸಲು ಆಗುವುದಾದರೆ, ನಮ್ಮೂರಿಗೆ ಒಂದು ಬಸ್ಸು ಓಡಿಸಲು ಯಾಕೆ ಆಗುವುದಿಲ್ಲ?