ಫುಟ್‌ಬಾಲ್ ಕ್ಲಬ್‌ಗಳ ಹೊಸ ಹಂಗಾಮು: ಇತಿಹಾಸ ಹೇಳುವ ಪಾಠ



ಮುಂಗಾರು ಹಂಗಾಮು ಬಂತೆಂದರೆ ಕೃಷ್ಣಾ ತೀರದ ನಮ್ಮ ತಂಗಡಗಿಯ ರೈತರು ಮಳೆ ಬೀಳುವುದಕ್ಕೂ ಮೊದಲೇ ಬೀಜ ಆರಿಸಿಟ್ಟುಕೊಳ್ಳುತ್ತಾರೆ. ಅದೇ ಸಮಯಕ್ಕೆ ಶಾಲೆ-ಕಾಲೇಜುಗಳಲ್ಲಿ ಪ್ರವೇಶದ ಗಡಿಬಿಡಿ. ಪತ್ರಿಕೆಯ ಕ್ರೀಡಾಪುಟ ತೆರೆದರೆ ಅಲ್ಲಿಯೂ ಇಂಥದೇ ಗಡಿಬಿಡಿ ಕಾಣುತ್ತದೆ. ಯಾವ ಫುಟ್‌ಬಾಲ್ ಕ್ಲಬ್ ಯಾವ ಆಟಗಾರನನ್ನು ಕೊಂಡಿತು, ಯಾವ ತಂಡಕ್ಕೆ ಹೊಸ ತರಬೇತುದಾರ ಬಂದ ಎಂಬ ಸುದ್ದಿಗಳೇ ತುಂಬಿರುತ್ತವೆ.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ನಮ್ಮ ಕಡೆ ಕಬಡ್ಡಿ, ಕುಸ್ತಿ, ಕ್ರಿಕೆಟ್ ಬಲ್ಲವರೇ ಹೆಚ್ಚು. ಆದರೆ ಆಟಗಾರರನ್ನು ಆರಿಸುವ, ಕರೆತರುವ, ತಯಾರು ಮಾಡುವ ಈ ಕೆಲಸಕ್ಕೆ ನಮ್ಮ ದೇಶದಲ್ಲಿಯೇ ದೀರ್ಘ ಇತಿಹಾಸವಿದೆ. ಅದರಲ್ಲಿ ನಮ್ಮ ರಾಜ್ಯದ ಪಾಲೂ ದೊಡ್ಡದು. ಶಿಕ್ಷಣ ಸಂಘವೊಂದು ಕಲಿಯಬೇಕಾದ ಪಾಠ ಆ ಇತಿಹಾಸದಲ್ಲಿದೆ.

ಕಲ್ಕತ್ತೆಗೆ ಹೊರಟ ಬೆಂಗಳೂರಿನ ಹುಡುಗರು

1891ರಲ್ಲಿ ಕಲ್ಕತ್ತೆಯಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಸ್ಥಾಪನೆಯಾಯಿತು. ಮೊದಲ ನಾಲ್ಕು ದಶಕ ಅದಕ್ಕೆ ಹೇಳಿಕೊಳ್ಳುವಂಥ ಹೆಸರು ಬರಲಿಲ್ಲ. ಆಗ ಕಲ್ಕತ್ತಾ ಲೀಗ್ ಗೆಲ್ಲುತ್ತಿದ್ದದ್ದು ಬ್ರಿಟಿಷ್ ಸೇನಾ ತಂಡಗಳು ಮತ್ತು ಯುರೋಪಿಯನ್ನರ ಕ್ಲಬ್‌ಗಳು ಮಾತ್ರ. 1911ರಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಿತ್ತು ನಿಜ. ಆದರೆ ಲೀಗ್ ಪ್ರಶಸ್ತಿ ಮಾತ್ರ ಯಾವ ಭಾರತೀಯ ತಂಡಕ್ಕೂ ದಕ್ಕಿರಲಿಲ್ಲ.

1930ರ ದಶಕದ ಆರಂಭದಲ್ಲಿ ಮೊಹಮ್ಮಡನ್ ಕ್ಲಬ್ಬಿನ ಆಡಳಿತಗಾರರು ಎರಡು ನಿರ್ಧಾರ ಕೈಗೊಂಡರು. ಒಂದು, ಕಲ್ಕತ್ತೆಯ ಹೊರಗಿನಿಂದ ಆಟಗಾರರನ್ನು ಕರೆತರುವುದು. ಎರಡು, ಮಳೆಯಿಂದ ಕೆಸರಾದ ಮೈದಾನದಲ್ಲಿ ಬರಿಗಾಲಲ್ಲಿ ಜಾರಿ ಬೀಳುವ ಬದಲು ಬೂಟು ಧರಿಸಿ ಆಡುವುದು. ಇವು ಇಂದು ಸಾಮಾನ್ಯ ಸಂಗತಿಗಳೆನಿಸಬಹುದು. ಆ ಕಾಲಕ್ಕೆ ಇವು ದೊಡ್ಡ ಬದಲಾವಣೆಗಳೇ ಆಗಿದ್ದವು.

ಹೀಗೆ ಕರೆ ಬಂದ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. ಅಲ್ಲಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ಆಟ ನೋಡುತ್ತ, ಅವರ ವಿರುದ್ಧವೇ ಆಡುತ್ತ ಬೆಳೆದ ಹುಡುಗರಿದ್ದರು. ಹೊರಗಿನಿಂದ ಬಂದವರ ಬಲದಿಂದ ಮೊಹಮ್ಮಡನ್ ಸ್ಪೋರ್ಟಿಂಗ್ ಎರಡನೇ ದರ್ಜೆಯಿಂದ ಮೊದಲ ದರ್ಜೆಗೆ ಏರಿ, 1934ರಲ್ಲಿ, ಅಂದರೆ ಏರಿದ ಮೊದಲ ವರ್ಷವೇ, ಲೀಗ್ ಗೆದ್ದಿತು. ಲೀಗ್ ಗೆದ್ದ ಮೊದಲ ಭಾರತೀಯ ತಂಡ ಅದು. 1938ರವರೆಗೆ ಸತತ ಐದು ವರ್ಷ ಆ ಪ್ರಶಸ್ತಿಯನ್ನು ಅದು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಕಳೆದುಕೊಂಡ ಊರು ಏನು ಮಾಡಿತು?

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಾವು ನೋಡಬೇಕಾದದ್ದು ಇನ್ನೊಂದು ಬದಿಯನ್ನು. ಒಳ್ಳೆಯ ಆಟಗಾರರನ್ನು ದೂರದ ಊರಿಗೆ ಕಳಿಸಿಕೊಟ್ಟ ಬೆಂಗಳೂರು ಬರಿದಾಯಿತೇ?

ಇಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಫೈನಲ್ ತಲುಪಿತು. ಎದುರಾಳಿ ಬೇರೆ ಯಾರೂ ಅಲ್ಲ, ಅದೇ ಮೊಹಮ್ಮಡನ್ ಸ್ಪೋರ್ಟಿಂಗ್. ಬೆಂಗಳೂರು 1-0ಯಿಂದ ಗೆದ್ದಿತು. 1891ರಿಂದ ನಡೆದು ಬಂದ ಆ ಪಂದ್ಯಾವಳಿಯನ್ನು ಭಾರತೀಯ ತಂಡವೊಂದು ಗೆದ್ದದ್ದು ಅದೇ ಮೊದಲು. ಮರುವರ್ಷ, 1938ರಲ್ಲಿಯೂ ಕಪ್ ಬೆಂಗಳೂರಿಗೇ ಬಂತು. 1940ರ ಫೈನಲ್‌ನಲ್ಲಿ ಇವೇ ಎರಡು ತಂಡಗಳು ಮತ್ತೆ ಎದುರಾದಾಗ ಗೆಲುವು ಕಲ್ಕತ್ತೆಯವರದಾಯಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೇ ಬಾರಿ ರೋವರ್ಸ್ ಕಪ್ ಗೆದ್ದಿತು.

ಒಬ್ಬ ಹೋದರೆ ಅವನ ಜಾಗಕ್ಕೆ ಮತ್ತೊಬ್ಬನನ್ನು ತಯಾರು ಮಾಡುವ ಮೈದಾನ, ಹಿರಿಯರು ಮತ್ತು ಅಭ್ಯಾಸ ಆ ಊರಿನಲ್ಲಿ ಉಳಿದಿದ್ದವು. ಹಣವಿದ್ದ ಕ್ಲಬ್ ಆಟಗಾರರನ್ನು ಕರೆದೊಯ್ಯಬಹುದು. ಆಟಗಾರರನ್ನು ಬೆಳೆಸುವ ಮೈದಾನವನ್ನು ಕರೆದೊಯ್ಯಲಾರದು.

ಅಹ್ಮದ್ ಖಾನ್ ಮತ್ತು ನಾಲ್ವರು ಜೊತೆಗಾರರು

ಸ್ವಾತಂತ್ರ್ಯದ ನಂತರವೂ ಈ ವಲಸೆ ನಿಲ್ಲಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹ್ಮದ್ ಖಾನ್, ಈ ಐವರೂ ದಕ್ಷಿಣ ಭಾರತದವರು. ಬಂಗಾಳದ ಜನ ಇವರನ್ನು ಪ್ರೀತಿಯಿಂದ ಪಂಚ ಪಾಂಡವರು ಎಂದು ಕರೆದರು. ಹಿಂದೂ ಯಾರು, ಮುಸಲ್ಮಾನ ಯಾರು ಎಂದು ಅವರು ಎಣಿಸಲಿಲ್ಲ. ಅಹ್ಮದ್ ಖಾನ್ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. 2017ರಲ್ಲಿ ಅವರು ನಮ್ಮನ್ನಗಲಿದರು.

ಆ ಕಾಲದ ಕಲ್ಕತ್ತೆಯಲ್ಲಿ ಕ್ಲಬ್ ಬದಲಿಸುವ ಆಟಗಾರ ಖುದ್ದಾಗಿ ಐಎಫ್ಎ ಕಚೇರಿಗೆ ಹೋಗಿ ಸಹಿ ಹಾಕಬೇಕಿತ್ತು. ಎದುರಾಳಿ ಕ್ಲಬ್ ಎಳೆದುಕೊಂಡು ಹೋದೀತೆಂಬ ಭಯದಿಂದ ಸಹಿಯಾಗುವವರೆಗೂ ಆಟಗಾರರನ್ನು ಬಚ್ಚಿಡುತ್ತಿದ್ದ ಪ್ರಸಂಗಗಳೂ ನಡೆದವು. ಪ್ರತಿಭೆಗೆ ಅಷ್ಟು ಬೆಲೆ ಇತ್ತು!

ಶಾಲಾ ಮಾಸ್ತರರೇ ತರಬೇತುದಾರರು

ಆಟಗಾರರನ್ನು ಕರೆತಂದರಷ್ಟೇ ಸಾಲದು, ಅವರನ್ನು ತಿದ್ದುವವರು ಬೇಕು. ಇದಕ್ಕೆ ನೆರೆಯ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಅವರು ಮೂಲತಃ ಶಾಲಾ ಶಿಕ್ಷಕರು. ತಮ್ಮೂರಿನ ಹುಡುಗರಿಗಾಗಿಯೇ ವಿಶೇಷ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ದುರ್ಬಲವಾದ ಕಾಲಿನಿಂದಲೇ ಚೆಂಡು ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಓಡದೆ ಜೊತೆಗಾರನಿಗೆ ಕೊಡಬೇಕು. ಅವರು ತರಬೇತಿ ನೀಡಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಅವರ ಮಾರ್ಗದರ್ಶನದಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. 1963ರಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು.

ಇತ್ತೀಚಿನ ದಿನಗಳು

2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಇಂಗ್ಲೆಂಡಿನ ಆಶ್ಲೇ ವೆಸ್ಟ್‌ವುಡ್ ಅವರನ್ನು ತರಬೇತುದಾರರನ್ನಾಗಿ ನೇಮಿಸಿಕೊಂಡು, ಸುನಿಲ್ ಛೆಟ್ರಿಯವರನ್ನು ತಂಡಕ್ಕೆ ಕರೆತಂದು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಇನ್ನು ಮೊಹಮ್ಮಡನ್ ಸ್ಪೋರ್ಟಿಂಗ್ 2023-24ರಲ್ಲಿ ಐ-ಲೀಗ್ ಗೆದ್ದು ಇಂಡಿಯನ್ ಸೂಪರ್ ಲೀಗ್‌ಗೆ ಏರಿತು. ಆದರೆ 1934ರ ಅದ್ಭುತ ಮರುಕಳಿಸಲಿಲ್ಲ. 2024-25ರಲ್ಲಿ ಅದು ಕೊನೆಯ ಸ್ಥಾನಕ್ಕೆ ಇಳಿಯಿತು. ಹಳೆಯ ಕೀರ್ತಿ ಎಷ್ಟೇ ದೊಡ್ಡದಿದ್ದರೂ ಹೊಸ ಹಂಗಾಮಿನಲ್ಲಿ ಅದರಿಂದ ಒಂದು ಗೋಲೂ ಬರುವುದಿಲ್ಲ.

ನಮ್ಮ ಮುಂದಿರುವ ಕೆಲಸ

ಬಂಧುಗಳೇ, ನಮ್ಮ ತಾಲೂಕಿನ ಜಾಣ ಮಕ್ಕಳೂ ಹತ್ತನೇ ತರಗತಿ ಮುಗಿಸಿ ವಿಜಯಪುರ, ಧಾರವಾಡ, ಬೆಂಗಳೂರುಗಳಿಗೆ ಹೋಗುತ್ತಾರೆ. ಹೋಗಲಿ, ಅದು ಸಂತೋಷದ ವಿಷಯವೇ. ಬೆಂಗಳೂರು ತನ್ನ ಆಟಗಾರರನ್ನು ಕಟ್ಟಿಹಾಕಲಿಲ್ಲ, ನಾವೂ ಕಟ್ಟಿಹಾಕಬಾರದು. ಆದರೆ ಅವರ ಹಿಂದಿನ ಸಾಲಿನಲ್ಲಿ ಯಾರಿದ್ದಾರೆ? ಗಣಿತಕ್ಕೆ ಹೆದರಿ ಎಂಟನೇ ತರಗತಿಗೇ ಶಾಲೆ ಬಿಡುವ ಹುಡುಗ, ಹತ್ತಾದ ಮೇಲೆ ಮನೆಯಲ್ಲೇ ಉಳಿಯುವ ಹುಡುಗಿ, ಇವರನ್ನು ಯಾರು ಆರಿಸುತ್ತಾರೆ, ಯಾರು ತಯಾರು ಮಾಡುತ್ತಾರೆ?

ಫಲಿತಾಂಶ ಬಂದ ಮೇಲೆ ಸನ್ಮಾನ ಮಾಡುವುದು ಕಪ್ ಗೆದ್ದ ಮೇಲಿನ ಮೆರವಣಿಗೆಯಂತೆ. ಅದು ಬೇಡವೆಂದಲ್ಲ. ಆದರೆ ಸಂಘದ ನಿಜವಾದ ಕೆಲಸ ಹಂಗಾಮಿಗೂ ಮೊದಲು ಇದೆ. ಪದವಿ ಮುಗಿಸಿದ ಒಬ್ಬೊಬ್ಬರು ಬಿಡುವಿನ ವೇಳೆಯಲ್ಲಿ ಇಬ್ಬರು ಮಕ್ಕಳಿಗೆ ಪಾಠ ಹೇಳಲಿ. ಹೊರಗೆ ಓದುತ್ತಿರುವ ವಿದ್ಯಾರ್ಥಿಗಳೇ, ರಜೆಗೆ ಬಂದಾಗ ನಿಮ್ಮ ಹಳೆಯ ಶಾಲೆಗೆ ಒಮ್ಮೆ ಹೋಗಿ ಬನ್ನಿ. ರಹೀಮ್ ಮಾಸ್ತರರು ದುರ್ಬಲ ಕಾಲಿಗೆ ಹೆಚ್ಚು ಅಭ್ಯಾಸ ಕೊಟ್ಟಂತೆ, ಹಿಂದುಳಿದ ಮಗುವಿಗೆ ಹೆಚ್ಚು ಸಮಯ ಕೊಡೋಣ.

ಈ ಜೂನ್‌ನಿಂದಲೇ ಅದನ್ನು ಆರಂಭಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.