ಲಂಡನ್ನಿನಲ್ಲಿ ಹಸಿದು ನಡೆದ ವಿದ್ಯಾರ್ಥಿ

1888ರ ಸೆಪ್ಟೆಂಬರ್ 4ರಂದು ಬ್ಯಾರಿಸ್ಟರ್ ವ್ಯಾಸಂಗಕ್ಕೆಂದು ಮುಂಬಯಿಯಲ್ಲಿ ಹಡಗೇರಿದ ಮೋಹನದಾಸ ಗಾಂಧಿಯವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಬಿಳಿಯ ಫ್ಲಾನೆಲ್ ಉಡುಪಿನಲ್ಲಿ ಇಂಗ್ಲೆಂಡಿಗಿಳಿದಾಗ, ಅಂಥ ಬಟ್ಟೆ ತೊಟ್ಟವರು ತಾವೊಬ್ಬರೇ ಎಂದರಿತು ನಾಚಿದರು. ರಾತ್ರಿಯಾದರೆ ತಾಯಿಯ ನೆನಪು, ಕಣ್ಣೀರು. ಮಾಂಸ ಮುಟ್ಟೆನೆಂದು ಆಕೆಗೆ ಕೊಟ್ಟ ವಚನದಿಂದಾಗಿ ಹೊಟ್ಟೆಗೆ ಅರೆಬರೆ ಊಟ. ಸಸ್ಯಾಹಾರದ ಭೋಜನಗೃಹವನ್ನು ಅರಸುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದರು. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ದೊರೆಯಿತು. ಅಲ್ಲಿ ಒಂದು ಶಿಲ್ಲಿಂಗಿಗೆ ಹೆನ್ರಿ ಸಾಲ್ಟರ ಪುಸ್ತಕ ಕೊಂಡು, ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಹೊಟ್ಟೆತುಂಬ ಉಂಡರು. ತಾಯಿಗಾಗಿ ಪಾಲಿಸಿದ ವ್ರತವು ಆ ಓದಿನಿಂದ ಸ್ವಂತ ನಿಶ್ಚಯವಾಯಿತು.

ಗಡಿನಾಡಿನ ನಮ್ಮ ಮಕ್ಕಳೂ ಇಂದು ದೂರದೇಶಗಳಿಗೆ ಓದಲು ಹೋಗುತ್ತಾರೆ. ಮನೆಯ ಸಂಸ್ಕಾರವನ್ನು ಪರನಾಡು ಅಳಿಸೀತೆಂದು ಪಾಲಕರು ಅಂಜುವುದು ಸಹಜ. ಈ ತರುಣನಲ್ಲಿ ಅದು ಗಟ್ಟಿಗೊಂಡದ್ದು ಪರನಾಡಿನಲ್ಲಿಯೇ.